ಬುಧವಾರ ಬಂದ ಕಾಗದ

ಕನ್ನಡಕದ ಎಡಗಡೆಯ ಕಡ್ಡಿ ಸಾಹೇಬರ ಕಿವಿಯ ಹಿಂದಕ್ಕೆ ಹೋಗುತ್ತಿರಲಿಲ್ಲ. ಗುಮಾಸ್ತ ಎರಡು ಸಲ ಪ್ರಯತ್ನಿಸಿ ನೋಡಿದ. ನಿನ್ನೆ ಮೊನ್ನೆಯವರೆಗೂ ಎಷ್ಟು ಸಲೀಸಾಗಿ ಕೂರಿಸಿಕೊಳ್ಳುತ್ತಿದ್ದ ಕಿವಿ, ಈಗ ಯಾರ ಮಾತನ್ನೂ ಕೇಳುವುದಿಲ್ಲ ಎಂಬಂತೆ ಸೆಟೆದುಕೊಂಡಿತ್ತು.

“ಬೇಡ ಬಿಡಿ ಅಂದ್ನಲ್ಲ,” ಎಂದರು ಸಾಹೇಬರ ಹೆಂಡತಿ. “ಇನ್ನು ಓದೋದೇನಿದೆ ಅವರಿಗೆ?”

“ಜನ ಗುರುತು ಹಿಡೀಬೇಕಲ್ಲ ಅಮ್ಮಾವ್ರೆ,” ಎಂದ ಪಕ್ಷದ ಅಧ್ಯಕ್ಷ. “ಪೋಸ್ಟರಲ್ಲೆಲ್ಲ ಕನ್ನಡಕ ಇದೆ.”

“ನಾನು ನಲವತ್ತು ವರ್ಷ ಬೆಳಿಗ್ಗೆ ಬೆಳಿಗ್ಗೆ ಕನ್ನಡಕ ಇಲ್ಲದೇನೇ ಗುರುತು ಹಿಡಿದಿದ್ದೀನಪ್ಪ. ಸರಿ, ಹಾಕಿ. ಪೋಸ್ಟರ್ ಥರಾನೇ ಹೋಗಲಿ.”

ಕಡ್ಡಿ ಕೊನೆಗೂ ಕೂತಿತು. ಗುಮಾಸ್ತ ಹಿಂದೆ ಸರಿದು, ಬಾಗಿಲಲ್ಲಿ ನಿಂತಿದ್ದವನಿಗೆ ಸನ್ನೆ ಮಾಡಿದ. ವಕೀಲರ ಸಂಘದ ಸಭಾಂಗಣದ ಎರಡೂ ಬಾಗಿಲು ತೆರೆದವು. ಸಾಲು ಒಳಗೆ ಬಂತು.

ಸಾಲು ಚೆನ್ನಾಗಿಯೇ ಇತ್ತು. ಮೆಟ್ಟಿಲಿಳಿದು, ನೋಟರಿಗಳ ಮೇಜುಗಳನ್ನು ದಾಟಿ, ಜೆರಾಕ್ಸ್ ಅಂಗಡಿಯ ಮುಂದೆ ಹಾದು ಬೀದಿಯ ತಿರುವಿನಲ್ಲಿ ಮರೆಯಾಗಿತ್ತು. ಕಳೆದ ಎರಡು ಚುನಾವಣೆಗಳಲ್ಲಿ ಸಾಹೇಬರನ್ನು ಸೋಲಿಸಿದ್ದ ಊರು, ಸತ್ತ ಮೇಲೆ ಅವರಿಗೆ ಬಹುಮತ ಕೊಟ್ಟಂತಿತ್ತು. ಯಾರು ಮೊದಲು ಹೋಗಬೇಕು, ಯಾರ ಹೂವಿನ ಚಕ್ರ ಎಲ್ಲಿರಬೇಕು, ಭಾಷಣದಲ್ಲಿ ಯಾರ ನಂತರ ಯಾರು, ಎಲ್ಲ ಗುಮಾಸ್ತನ ಕೈಯಲ್ಲಿದ್ದ ಪಟ್ಟಿಯಲ್ಲಿತ್ತು. ಪಟ್ಟಿ ಮಾಡುವುದು ಅವನಿಗೆ ಹೊಸದಲ್ಲ. ವಕೀಲಿಯ ಹನ್ನೆರಡು ವರ್ಷ, ರಾಜಕೀಯದ ಮೂವತ್ತೊಂದು ವರ್ಷ, ಸಾಹೇಬರ ಬದುಕಿನ ಎಲ್ಲ ಪಟ್ಟಿಗಳೂ ಅವನವೇ. ಕೋರ್ಟಿನ ಆವರಣದಲ್ಲಿ ಯಾವ ಕೇಸಿನ ತಾರೀಕು ಕೇಳಿದರೂ ಡೈರಿ ನೋಡದೆ ಹೇಳುತ್ತಿದ್ದನೆಂದು ಅವನಿಗೆ ತಾರೀಕಣ್ಣ ಎಂದು ಹೆಸರು ಬಿದ್ದಿತ್ತು. ಆ ಹೆಸರು ಕೇಳಿದಾಗೆಲ್ಲ ಅವನಿಗೆ ಬೆನ್ನ ಮೇಲೆ ಯಾರೋ ತಣ್ಣೀರು ಸುರಿದಂತಾಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

“ಸಾಹೇಬರು ವಾದಕ್ಕೆ ನಿಂತರೆ ಜಡ್ಜ್ ಪೆನ್ನು ಕೆಳಗಿಟ್ಟುಬಿಡ್ತಿದ್ದರು,” ಎಂದ ಸಾಲಿನಲ್ಲಿದ್ದ ಒಬ್ಬ ಮುದಿ ವಕೀಲ.

“ಬರಕೊಳ್ಳೋಕೆ ಪುರುಸೊತ್ತು ಕೊಟ್ಟರೆ ತಾನೆ!” ಎಂದ ಪಕ್ಕದವನು. “ಒಂದು ಸಲ ನಾನೇ ಅವರ ಎದುರು ವಕೀಲ. ಅವರ ವಾದ ಕೇಳಿ ಕೇಳಿ ನಂಗೇ ನನ್ನ ಕಕ್ಷಿದಾರನ ಮೇಲೆ ಅನುಮಾನ ಬಂದುಬಿಡ್ತು.”

“ಅಂಥಾ ನಾಲಿಗೆ ಕೋರ್ಟು ಬಿಟ್ಟು ರಾಜಕೀಯಕ್ಕೆ ಹೋಯ್ತಲ್ಲ, ಅದೇ ಬೇಜಾರು.”

“ಹೋಗಿದ್ದು ಬಡವರಿಗೋಸ್ಕರ ಕಣಯ್ಯ. ಇದರಲ್ಲಿ ಹಾಕಿದ್ದಾರೆ ನೋಡು.”

ಮುದಿ ವಕೀಲ ಕೈಯಲ್ಲಿದ್ದ ಹಾಳೆ ತೋರಿಸಿದ. ಗುಮಾಸ್ತ ಮುಖ ತಿರುಗಿಸಿದ. ಆ ಹಾಳೆ ಬೆಳಿಗ್ಗೆ ಅವನೇ ಟೈಪು ಮಾಡಿದ ಸಾಹೇಬರ ಜೀವನ ಪರಿಚಯ. ಬಾಗಿಲಲ್ಲಿ ಎಲ್ಲರಿಗೂ ಹಂಚುತ್ತಿದ್ದರು. ಹನ್ನೆರಡು ಗಂಟೆಗೆ ಮೈಕಿನಲ್ಲಿ ಅವನೇ ಅದನ್ನು ಓದಬೇಕು. ಮೂರನೆಯ ಪ್ಯಾರಾ ಅವನಿಗೆ ಬಾಯಿಪಾಠ. ‘ಗಿರಣಿ ಕಾಲೋನಿಯ ಎಪ್ಪತ್ತೆರಡು ಕುಟುಂಬಗಳ ಮೇಲ್ಮನವಿಯು, ಕಕ್ಷಿದಾರರ ಕಡೆಯಿಂದ ಕಾಗದಪತ್ರಗಳು ತಡವಾಗಿ ಬಂದ ಕಾರಣ ತಿರಸ್ಕೃತವಾದಾಗ, ಕಾನೂನಿನ ಮಿತಿಗೆ ಮರುಗಿ ಜನರ ನ್ಯಾಯಾಲಯವಾದ ರಾಜಕೀಯಕ್ಕೆ ಇಳಿದರು.’ ಏಳು ಚುನಾವಣೆಗಳ ಕರಪತ್ರದಲ್ಲೂ ಇದೇ ವಾಕ್ಯ. ಇವತ್ತು ಬೆಳಿಗ್ಗೆ ಅದನ್ನು ಬಿಟ್ಟುಬಿಡೋಣ ಎಂದುಕೊಂಡೇ ಯಂತ್ರದ ಮುಂದೆ ಕೂತಿದ್ದ. ಬೆರಳುಗಳು ಅವನನ್ನು ಕೇಳದೆ ಹೊಡೆದು ಮುಗಿಸಿದ್ದವು.

*

ಆಗ ಕಚೇರಿ ಒಂದು ಸ್ಟೇಷನರಿ ಅಂಗಡಿಯ ಮೇಲಿನ ಒಂದೇ ಕೋಣೆ. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, ಕಕ್ಷಿದಾರರು ಹತ್ತಿ ಬಂದು ಮೊದಲು ಉಸಿರು ತೆಗೆದುಕೊಂಡು ಆಮೇಲೆ ಕಷ್ಟ ಹೇಳಿಕೊಳ್ಳುತ್ತಿದ್ದರು. ಗುಮಾಸ್ತ ಹಗಲು ಅಲ್ಲಿ ಟೈಪು ಮಾಡಿ, ಸಂಜೆ ಕಾಲೇಜಿನಲ್ಲಿ ಕಾನೂನು ಓದುತ್ತಿದ್ದ. ಓದು ಎಂದು ಒತ್ತಾಯ ಮಾಡಿದವರು ಸಾಹೇಬರೇ. “ನಾಳೆ ನನ್ನ ಪಕ್ಕದ ಕುರ್ಚೀಲಿ ನೀನು ಕೂರಬೇಕು ಕಣೋ. ಎಷ್ಟು ದಿನ ನನ್ನ ತಪ್ಪು ಕಾಗುಣಿತ ತಿದ್ದಿಕೊಂಡಿರ್ತೀಯ?”

ಗಿರಣಿ ಮುಚ್ಚಿ, ಅದರ ಜಾಗ ಮಾರಾಟವಾಗಿ, ಹಿಂದಿನ ಕಾಲೋನಿಯ ಎಪ್ಪತ್ತೆರಡು ಮನೆ ಖಾಲಿ ಮಾಡಬೇಕೆಂದು ತೀರ್ಪಾಗಿತ್ತು. ಸಾಹೇಬರು ಕಾಲೋನಿಗೆ ಹೋದರೆ ಕುರ್ಚಿ ಕೇಳುತ್ತಿರಲಿಲ್ಲ. ಬಕೆಟ್ ಬೋರಲು ಹಾಕಿ ಕೂತು ಮಾತಾಡುತ್ತಿದ್ದರು. ಅವರ ಮಾತು ಕೇಳಲು ಸೇರುತ್ತಿದ್ದ ಜನರ ತಲೆಗಳನ್ನು ಪಕ್ಷದವರು ದೂರದಿಂದಲೇ ನೋಡಿಕೊಂಡಿದ್ದರು. ಕಾಲೋನಿಯ ಪರವಾಗಿ ಓಡಾಡುತ್ತಿದ್ದವನು ನಲ್ಲಿ ಮೇಸ್ತ್ರಿ. ಎಲ್ಲರ ಮನೆಯ ಒಳಗೂ ಹೋಗಿ ಕೊಳಾಯಿ ರಿಪೇರಿ ಮಾಡಿದವನೆಂದು ಜನ ಅವನನ್ನೇ ಕಾರ್ಯದರ್ಶಿ ಮಾಡಿದ್ದರು. “ನಂಗೆ ಪೈಪಿನ ಸೋರಿಕೆ ಗೊತ್ತು ಸ್ವಾಮಿ, ಕಾನೂನಿನ ಸೋರಿಕೆ ನೀವು ನೋಡ್ಕೊಳಿ,” ಎನ್ನುತ್ತಿದ್ದ.

ಮೇಲ್ಮನವಿ ಹಾಕಲು ತೀರ್ಪಿನ ನಕಲು ಕೋರ್ಟಿನಲ್ಲಿ ಸಿದ್ಧವಾದ ದಿನದಿಂದ ಮೂವತ್ತು ದಿನ ಗಡುವು. ನಕಲು ಮಂಗಳವಾರ ಸಿದ್ಧವಾಗಿತ್ತು. ಆ ವಾರವೆಲ್ಲ ಗುಮಾಸ್ತನಿಗೆ ಪರೀಕ್ಷೆ. ಅವನು ಶನಿವಾರ ಹೋಗಿ ನಕಲು ತಂದ. ತಂದ ದಿನದಿಂದಲೇ ಎಣಿಸಿ, ಗಡುವು ಮುಗಿಯುವುದು ಸೋಮವಾರ ಎಂದು ಡೈರಿಯಲ್ಲಿ ಬರೆದ. ನಿಜವಾದ ಗಡುವು ಅದರ ಹಿಂದಿನ ಗುರುವಾರ.

ಗುರುವಾರಕ್ಕೆ ಒಂದು ದಿನ ಮೊದಲು, ಬುಧವಾರ ಮಧ್ಯಾಹ್ನ, ಮೇಸ್ತ್ರಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು ಎಪ್ಪತ್ತೆರಡು ಮನೆಯವರ ಸಹಿ ಇದ್ದ ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟ. “ಒಂದು ಮನೆಯೂ ಬಿಟ್ಟಿಲ್ಲ ತಾರೀಕಣ್ಣ. ಆಸ್ಪತ್ರೇಲಿದ್ದವರ ಹತ್ರಾನೂ ಹೋಗಿ ಹಾಕಿಸ್ಕೊಂಡು ಬಂದೆ.” ಗುಮಾಸ್ತ ಅದನ್ನು ಡ್ರಾಯರಿನಲ್ಲಿ ಇಟ್ಟ. ಇನ್ನೂ ಸೋಮವಾರದವರೆಗೆ ಸಮಯವಿದೆಯಲ್ಲ ಎಂದು ಸಂಜೆಯ ಕ್ಲಾಸಿಗೆ ಹೋದ.

ಸೋಮವಾರ ಕೋರ್ಟಿನ ಕೌಂಟರಿನವನು ಕಾಗದ ತಿರುವಿ ನೋಡಿ ನಕ್ಕ. “ಏನು ತಾರೀಕಣ್ಣ, ನೀವೇ ಹಿಂಗಂದ್ರೆ? ಗುರುವಾರಕ್ಕೇ ಮುಗೀತಲ್ಲ ಇದು.”

ಗಡುವು ಎಣಿಸುವುದು ಹೇಗೆ ಎಂಬ ಪ್ರಶ್ನೆ ನಕಲು ತಂದ ವಾರದ ಪರೀಕ್ಷೆಯಲ್ಲೇ ಬಂದಿತ್ತು. ಅವನು ಸರಿಯಾದ ಉತ್ತರ ಬರೆದಿದ್ದ.

*

“ತಾರೀಕು ಮಾಮ ಅಲ್ವಾ ನೀವು?”

ಗುಮಾಸ್ತ ಪಟ್ಟಿಯಿಂದ ತಲೆಯೆತ್ತಿದ. ನಲವತ್ತು ದಾಟಿದ ಹೆಂಗಸು, ಕೊರಳಲ್ಲಿ ಅಂಚೆ ಕಚೇರಿಯ ಗುರುತುಚೀಟಿ ಹಾಗೇ ತೂಗುತ್ತಿತ್ತು. ಅರ್ಧ ದಿನದ ರಜೆ ಹಾಕಿ ಬಂದವಳಂತಿದ್ದಳು.

“ಗುರುತು ಸಿಗಲಿಲ್ವಾ? ನಲ್ಲಿ ಮೇಸ್ತ್ರಿ ಮಗಳು. ಗಿರಣಿ ಕಾಲೋನಿ. ನಿಮ್ಮ ಕಚೇರಿ ಮೆಟ್ಟಿಲ ಮೇಲೆ ಕೂತು ನಿಮ್ಮ ಕಾರ್ಬನ್ ಪೇಪರೆಲ್ಲ ಹಾಳು ಮಾಡ್ತಿದ್ದೆನಲ್ಲ.”

“ಓ,” ಎಂದ ಗುಮಾಸ್ತ. “ಅಪ್ಪ…”

“ಇದ್ದಾರೆ. ಅಲ್ಲೇ, ಎದುರಿಗೆ, ಬಸ್ ಸ್ಟಾಪಿನ ಬೆಂಚ್ ಮೇಲೆ ಕೂತಿದ್ದಾರೆ. ಒಳಗೆ ಬಾ ಅಂದ್ರೆ, ಸಾಹೇಬರಿಗೆ ತೋರಿಸೋ ಮುಖ ಇಲ್ಲ ನಂಗೆ ಅಂತಾರೆ. ಅಲ್ಲಪ್ಪ, ಅವರು ಕಣ್ಣು ಮುಚ್ಚಿದ್ದಾರೆ, ನಿನ್ನ ಮುಖ ಯಾರು ನೋಡ್ತಾರೆ ಅಂದೆ. ಬೈದರು.” ಅವಳು ನಗಲು ನೋಡಿದಳು. ಆಮೇಲೆ ದನಿ ತಗ್ಗಿಸಿದಳು. “ಮಾಮ, ನೀವು ಒಂದು ಸಹಾಯ ಮಾಡಬೇಕು. ನಾನು ಸಾಹೇಬರ ಕಾಲ ಹತ್ರ ಎರಡು ನಿಮಿಷ ನಿಂತ್ಕೋಬೇಕು. ಸಾಲಲ್ಲಿ ತಳ್ಳಿಬಿಡ್ತಾರೆ. ‘ನಮ್ಮಪ್ಪನಿಂದ ತಡ ಆಯ್ತು, ಕ್ಷಮಿಸಿಬಿಡಿ’ ಅಂತ ಹೇಳಿ ಬಾ ಅಂದಿದ್ದಾರೆ.”

ಹಿಂದಿನವರು ಅವರಿಬ್ಬರನ್ನು ಸುತ್ತಿಕೊಂಡು ಮುಂದೆ ಹೋಗುತ್ತಿದ್ದರು.

“ಮೊದಲೆಲ್ಲ ಅಪ್ಪ ಬುಧವಾರನೇ ಕೊಟ್ಟೆ ಅಂತ ಜಗಳಕ್ಕೇ ನಿಲ್ತಿದ್ದರು,” ಎಂದಳು ಅವಳು. “ಯಾರು ಕೇಳ್ತಾರೆ? ನಿಮ್ಮ ಆಫೀಸಿಂದ ಕೋರ್ಟಿಗೆ ಪ್ರಮಾಣಪತ್ರ ಹೋಗಿತ್ತು, ಅಪ್ಪ ತಂದಿದ್ದು ಶನಿವಾರ ಅಂತ. ಮನೆ ಬಿದ್ದ ಮೇಲೆ ಆ ಕಾಲೋನಿಯವರ ಯಾರ ಮನೇಲೂ ನಲ್ಲಿ ಕೆಡಲೇ ಇಲ್ಲ ನೋಡಿ. ಒಬ್ಬರೂ ಕರೀಲಿಲ್ಲ. ಊರಾಚೆ ಸಾಹೇಬರು ಎಲ್ಲರಿಗೂ ಸೈಟು ಕೊಡಿಸಿದಾಗ್ಲೂ ನಾವು ಅಲ್ಲಿಗೆ ಹೋಗಲಿಲ್ಲ. ಅಪ್ಪಂಗೆ ಧೈರ್ಯ ಬರಲಿಲ್ಲ. ಈಗ ಐದಾರು ವರ್ಷದಿಂದ ವರಸೆ ಬದಲಾಗಿದೆ. ‘ಶನಿವಾರನೇ ಇರಬೇಕು ಕಣೆ, ಓದಿದೋರು ಸುಳ್ಳು ಬರೀತಾರಾ, ನನ್ನ ತಲೆನೇ ಸರಿ ಇರಲಿಲ್ಲ’ ಅಂತಾರೆ. ರಾತ್ರಿ ಹಗಲು ಅದೇ. ಹೋಗಲಿ ಬಿಡಿ. ಈಗ ಇದೊಂದು ಹೇಳಿದ್ರೆ ಅವರ ಮನಸ್ಸಿಗೆ ಸಮಾಧಾನ.”

“ತಾರೀಕಣ್ಣ!” ಪಕ್ಷದ ಅಧ್ಯಕ್ಷ ವೇದಿಕೆಯಿಂದ ಕೂಗಿದ. “ಇನ್ನು ಹತ್ತು ನಿಮಿಷ. ನೀರು ಗೀರು ಕುಡಿದು ರೆಡಿ ಆಗಿ.”

*

ಅವತ್ತು ಸೋಮವಾರ ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಗುಮಾಸ್ತ ಎಷ್ಟೋ ಸಲ ಅಂದುಕೊಂಡಿದ್ದಾನೆ. ಅವರು ಕುರ್ಚಿಗೆ ಒರಗಿ, “ಬರಕೋ,” ಎಂದರು. “ನಾಲ್ಕು ದಿನದ ವಿಳಂಬವನ್ನು ಮನ್ನಿಸಬೇಕು. ನನ್ನ ಕಚೇರಿಯಲ್ಲಿ ದಿನ ಎಣಿಸಿದ್ದರಲ್ಲಿ ಆದ ತಪ್ಪು. ಕಕ್ಷಿದಾರರದ್ದು ಯಾವ ದೋಷವೂ ಇಲ್ಲ.” ಸ್ವಲ್ಪ ತಡೆದು, “ನಿನ್ನ ಹೆಸರು ಹಾಕಬೇಡ. ಕಚೇರಿ ಅಂತ ಇರಲಿ. ಗುಮಾಸ್ತನ ತಪ್ಪಿಗೆ ಎಪ್ಪತ್ತೆರಡು ಮನೆ ಬೀಳಿಸೋ ಜಡ್ಜ್ ಇನ್ನೂ ಹುಟ್ಟಿಲ್ಲ ಕಣೋ. ಮನ್ನಿಸ್ತಾರೆ.”

ಅವನು ಟೈಪು ಮಾಡಿ ಮುಗಿಸುವಷ್ಟರಲ್ಲಿ ಫೋನು ಬಂತು. ಪಕ್ಷದ ಕಚೇರಿಯಿಂದ. ಶುಕ್ರವಾರ ಅಭ್ಯರ್ಥಿಗಳ ಪಟ್ಟಿ ಹೊರಬರುತ್ತದೆ, ಸಾಹೇಬರ ಹೆಸರು ಇದೆ. ಅಲ್ಲಿಯವರೆಗೆ ಕಪ್ಪು ಚುಕ್ಕೆ ಬೀಳದ ಹಾಗೆ ನೋಡಿಕೊಳ್ಳಿ ಎಂದರಂತೆ.

ಸಾಹೇಬರು ಫೋನಿಟ್ಟು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಇದು ಪೇಪರಿನವರ ಕೈಗೆ ಸಿಕ್ಕರೆ…” ಎಂದರು. “ಗೆದ್ದರೆ ಆ ಮನೆಗಳನ್ನ ನಾನೇ ಉಳಿಸಬಹುದು. ಅಲ್ವೇನೋ? ಇಲ್ಲೇ ಕೂತಿದ್ದರೆ ಯಾರು ಉಳಿಸ್ತಾರೆ?”

ಅದು ತನ್ನನ್ನು ಕೇಳಿದ ಪ್ರಶ್ನೆಯೋ, ಅವರು ತಮ್ಮನ್ನೇ ಕೇಳಿಕೊಂಡದ್ದೋ, ಗುಮಾಸ್ತನಿಗೆ ಇವತ್ತಿಗೂ ತಿಳಿದಿಲ್ಲ. ಆದರೆ ಆಮೇಲಿನ ಮಾತು ಆಡಿದವನು ಅವನೇ. ಅದರಲ್ಲಿ ಅನುಮಾನವಿಲ್ಲ. ಆ ಹೊತ್ತು ಅವನ ತಲೆಯಲ್ಲಿ ಎಪ್ಪತ್ತೆರಡು ಮನೆ ಇರಲಿಲ್ಲ. ಕೋರ್ಟಿನ ತುಂಬ ಜನ ತನ್ನನ್ನು ತೋರಿಸಿ ನಗುವ ಚಿತ್ರವಿತ್ತು, ಸಂಜೆ ಕಾಲೇಜಿನ ಮೇಷ್ಟರ ಮುಖವಿತ್ತು.

“ಸಾಹೇಬ್ರೆ, ಮೇಸ್ತ್ರಿ ಸಹಿ ತಂದಿದ್ದೇ ತಡ ಅಂತ ಹಾಕಬಹುದು. ಶನಿವಾರ ತಂದ ಅಂತ. ಅವನ ಹತ್ರ ರಸೀದಿ ಗಿಸೀದಿ ಏನೂ ಇಲ್ಲ.”

ಸಾಹೇಬರು ಅವನತ್ತ ನೋಡಲಿಲ್ಲ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ, ಬೆನ್ನು ಹಾಕಿಕೊಂಡೇ, “ತಪ್ಪಿಲ್ಲದ ಹಾಗೆ ಟೈಪ್ ಮಾಡು,” ಎಂದರು.

ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದು ಗುಮಾಸ್ತ. ನ್ಯಾಯಾಧೀಶರು ಒಂದೇ ಸಾಲಿನಲ್ಲಿ ಮುಗಿಸಿದರು: ತಮ್ಮ ಮನೆಯ ಬಗ್ಗೆ ತಮಗೇ ಕಾಳಜಿಯಿಲ್ಲದವರನ್ನು ನ್ಯಾಯಾಲಯ ಕಾಪಾಡಲಾಗದು.

ಸಾಹೇಬರು ಗೆದ್ದರು. ಅವರು ಪದವಿಗೆ ಬಂದು ಅಭ್ಯಾಸವಾಗುವ ಮೊದಲೇ ಕಾಲೋನಿ ಬಿತ್ತು. ಆಮೇಲೆ ನಾಲ್ಕು ಸಲ ಆರಿಸಿ ಬಂದರು, ಒಂದು ಸಲ ನೀರು ಸರಬರಾಜಿನ ಮಂತ್ರಿಯಾದರು. ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆದು ಬಂದವರ ಅರ್ಜಿ ತಾವೇ ಓದುತ್ತಿದ್ದರು. ಕೆಟ್ಟ ಮನುಷ್ಯ ಎಂದು ವಿರೋಧಿಗಳೂ ಹೇಳಲಿಲ್ಲ. ಆದರೆ ಎಲ್ಲೇ ಹೊಸ ಪೈಪಿನ ಉದ್ಘಾಟನೆಯಿರಲಿ, ನಲ್ಲಿ ತಿರುಗಿಸುವ ಹೊತ್ತಿಗೆ ಪಕ್ಕದಲ್ಲಿದ್ದ ಯಾರಿಗಾದರೂ ಆ ಕೆಲಸ ಒಪ್ಪಿಸಿ ಹಿಂದೆ ಸರಿಯುತ್ತಿದ್ದರು. ವಿನಯ ಎಂದು ಜನ ಹೊಗಳುತ್ತಿದ್ದರು. ಗುಮಾಸ್ತ ಕಾನೂನು ಪರೀಕ್ಷೆ ಪಾಸು ಮಾಡಿದ, ವಕೀಲಿ ಮಾಡುವ ಸನ್ನದು ತೆಗೆದುಕೊಳ್ಳಲಿಲ್ಲ. ಅದಕ್ಕೂ ಒಂದು ಪ್ರಮಾಣವಚನಕ್ಕೆ ಸಹಿ ಹಾಕಬೇಕಿತ್ತು.

ಹೋದ ವಾರ ಆಸ್ಪತ್ರೆಯಲ್ಲಿ ಸಾಹೇಬರು ಅವನ ತೋಳು ಹಿಡಿದು, “ಆ ಬುಧವಾರ ಕಣೋ…” ಎಂದು ಶುರು ಮಾಡಿದ್ದರು.

“ಸುಮ್ನೆ ಮಲಕ್ಕೊಳಿ ಸಾಹೇಬ್ರೆ, ಆಯಾಸ ಆಗುತ್ತೆ,” ಎಂದಿದ್ದ ಅವನು, ಹೊದಿಕೆ ಸರಿ ಮಾಡುತ್ತಾ.

ಅವರು ಮತ್ತೆ ಮಾತು ಎತ್ತಲಿಲ್ಲ.

*

“ಬನ್ನಿ ಮಾಮ, ಒಂದೆರಡೇ ನಿಮಿಷ,” ಎಂದು ಮೇಸ್ತ್ರಿಯ ಮಗಳು ಮುಂದೆ ಹೆಜ್ಜೆ ಹಾಕಿದಳು. ಸಾಹೇಬರ ಪಾದಗಳು ಹತ್ತೇ ಮಾರು ದೂರದಲ್ಲಿದ್ದವು. ಅವಳು ಆಗಲೇ ಕೈ ಜೋಡಿಸಿಕೊಂಡಿದ್ದಳು.

“ಬೇಡಮ್ಮ,” ಎಂದ ಗುಮಾಸ್ತ.

“ಯಾಕೆ?”

“ಹೇಳಬೇಡ. ಆ ಮಾತು ಹೇಳಬೇಡ. ನಿಮ್ಮಪ್ಪ ಬುಧವಾರನೇ ತಂದಿದ್ದು.”

ಅವಳಿಗೆ ಅರ್ಥವಾಗಲಿಲ್ಲ. ಅವನು ಗೋಡೆಯ ಕಡೆಗೆ ಸರಿದು, ಪಟ್ಟಿಯನ್ನು ಎದೆಗೆ ಅವುಚಿಕೊಂಡು ಹೇಳಿದ: ತಾನು ದಿನ ಎಣಿಸಿದ್ದು, ಡ್ರಾಯರಿನಲ್ಲಿ ಇಟ್ಟಿದ್ದು, ಶನಿವಾರ ಎಂದು ತನ್ನ ಬಾಯಿಂದಲೇ ಬಂದದ್ದು. ಅಳುತ್ತಾಳೆ ಎಂದುಕೊಂಡಿದ್ದ. ಅವಳು ಅಳಲಿಲ್ಲ. ಜೋಡಿಸಿದ ಕೈಗಳನ್ನು ನೋಡಿಕೊಂಡು, ಅವು ಬೇರೆ ಯಾರದೋ ಎಂಬಂತೆ ಕೆಳಗೆ ಬಿಟ್ಟಳು.

“ನಾನು ದಿನಾ ಕೂತು ತಾರೀಕಿನ ಮುದ್ರೆ ಹೊಡೀತೀನಿ,” ಎಂದಳು. “ಒಂದೇ ಒಂದು ಮುದ್ರೆ ಅವತ್ತು ನಮ್ಮಪ್ಪನ ಕಾಗದದ ಮೇಲೆ ಬಿದ್ದಿದ್ದರೆ…” ಮುಗಿಸಲಿಲ್ಲ. “ನನ್ನ ಹತ್ರ ಯಾಕೆ ಹೇಳ್ತೀರಿ? ಅಲ್ಲಿ ಕೂತಿದ್ದಾರಲ್ಲ. ಬನ್ನಿ.”

“ಈಗ ನಾನು ಓದಬೇಕು… ಮೈಕು…”

“ಮೂವತ್ತೊಂದು ವರ್ಷ ಓದಿದ್ದೀರಲ್ಲ. ಬನ್ನಿ.”

ಗುಮಾಸ್ತ ಪಟ್ಟಿಯನ್ನು ಅಲ್ಲೇ ಕುರ್ಚಿಯ ಮೇಲಿಟ್ಟು ಅವಳ ಹಿಂದೆ ಮೆಟ್ಟಿಲಿಳಿದ. ಬಿಸಿಲಿಗೆ ಕಣ್ಣು ಕುಕ್ಕಿತು. ರಸ್ತೆ ದಾಟುವಾಗ ಒಂದು ಬಸ್ಸು ಹಾರ್ನ್ ಹೊಡೆದು ಅವನ ತೀರಾ ಹತ್ತಿರದಲ್ಲೇ ಹಾದುಹೋಯಿತು.

ಬೆಂಚಿನ ಮೇಲೆ ಕೂತಿದ್ದ ಮುದುಕ ಅವನನ್ನು ಕಂಡದ್ದೇ ಎರಡೂ ಕೈಯೂರಿ ಎದ್ದು ನಿಂತ. ಅಂಗಿಯ ಗುಂಡಿ ಕೊರಳವರೆಗೂ ಹಾಕಿಕೊಂಡಿದ್ದ.

“ಅಯ್ಯೋ ತಾರೀಕಣ್ಣ, ನೀವ್ಯಾಕೆ ಬರೋಕೆ ಹೋದ್ರಿ ಇಷ್ಟು ದೂರ? ಒಳಗೆ ನೂರೆಂಟು ಕೆಲಸ ನಿಮಗೆ. ಕೂತ್ಕೊಳಿ, ಕೂತ್ಕೊಳಿ.” ತಾನು ಕೂತಿದ್ದ ಜಾಗವನ್ನು ಅಂಗೈಯಿಂದ ಒರೆಸಿದ.

ಗುಮಾಸ್ತ ಕೂರಲಿಲ್ಲ. ಕೂತರೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು. ನಿಂತೇ ಹೇಳಿದ. ಎರಡನೆಯ ಸಲ ಹೇಳುವುದು ಸುಲಭವಾಗುತ್ತದೆಂದು ಭಾವಿಸಿದ್ದ, ಆಗಲಿಲ್ಲ.

ಮೇಸ್ತ್ರಿ ಕೇಳಿದ: “ಯಾವ ಡ್ರಾಯರು?”

“ಏನು?”

“ಕಾಗದ ಇಟ್ಟಿದ್ದು. ಯಾವ ಡ್ರಾಯರಲ್ಲಿ?”

“ಎಡಗಡೆ. ಎರಡನೇದು.”

“ನೀಲಿ ರಬ್ಬರ್ ಬ್ಯಾಂಡ್ ಹಾಕಿದ್ದೆ.”

“ಹೌದು. ನೀಲಿ.”

“ಅವತ್ತು ನಿಮ್ಮ ಫ್ಯಾನು ಕೆಟ್ಟಿತ್ತು. ಕಿಟಕಿ ತೆಗೆದು ಕೂತಿದ್ರಿ. ಕಾಗದ ಹಾರುತ್ತೆ ಅಂತ ಗಾಜಿನ ಲೋಟ ಇಟ್ರಿ ಮೇಲೆ.”

“ಇಟ್ಟೆ.”

ಮುದುಕ ಮಗಳ ಕಡೆ ತಿರುಗಿದ. “ನನ್ನ ತಲೆ ಸರಿಯಾಗೇ ಇತ್ತು ಕಣೆ,” ಎಂದ, ಆಶ್ಚರ್ಯದಿಂದ, ಕಳೆದುಹೋದ ಒಂದು ವಸ್ತು ತನ್ನ ಜೇಬಿನಲ್ಲೇ ಸಿಕ್ಕವನಂತೆ. ಮರುಗಳಿಗೆ ಅವನ ಮುಖ ಬದಲಾಯಿತು. “ನಿಮ್ಮಮ್ಮಂಗೆ ಹೇಳೋಕಾಗಲಿಲ್ವಲ್ಲೇ. ಸಾಯೋ ಹೊತ್ತಿಗೆ ಅವಳೂ ಶನಿವಾರನೇ ಅಂತ ನಂಬಿಬಿಟ್ಟಿದ್ದಳು.”

“ನಾನು… ಏನು ಬೇಕಾದ್ರೂ ಬರೆದುಕೊಡ್ತೀನಿ ಮೇಸ್ತ್ರಿ,” ಎಂದ ಗುಮಾಸ್ತ. “ಇವತ್ತೇ ಟೈಪ್ ಮಾಡಿ ಸಹಿ ಹಾಕಿ…”

“ಬೇಡ ಸ್ವಾಮಿ,” ಎಂದ ಮೇಸ್ತ್ರಿ. “ನೀವು ಬರೆಯೋದು ಸಾಕು.”

ಅವನು ಎದುರಿನ ಸಾಲಿನ ಕಡೆ ನೋಡಿದ. ಒಂದೊಂದೇ ಮುಖವನ್ನು ಹೊರಳಿಸಿ ನೋಡುವಂತೆ, ಬಿಸಿಲಿಗೆ ಅಂಗೈ ಅಡ್ಡ ಹಿಡಿದು. ಸಾಲಿನ ಅರ್ಧ ಗಿರಣಿ ಕಾಲೋನಿಯೇ ಆಗಿತ್ತು. ಊರಾಚೆಯ ಸೈಟುಗಳಿಂದ ಎರಡೆರಡು ಬಸ್ಸು ಬದಲಿಸಿ ಬಂದವರು. ಮೇಸ್ತ್ರಿ ಗುಮಾಸ್ತನ ಮಣಿಕಟ್ಟು ಹಿಡಿದ. ಎಪ್ಪತ್ತೈದು ದಾಟಿದ ಕೈ, ಆದರೂ ಪೈಪು ಹಿಡಿದು ಪಳಗಿದ ಕೈ, ಬಿಡಿಸಿಕೊಳ್ಳುವಂತಿರಲಿಲ್ಲ. ಬಿಡಿಸಿಕೊಳ್ಳಲು ಗುಮಾಸ್ತ ನೋಡಲೂ ಇಲ್ಲ.

ಮೆಟ್ಟಿಲ ಬುಡದಲ್ಲಿ, ಒಳಗೆ ಹೋಗಲು ಮೊದಲು ನಿಂತಿದ್ದವನು ಒಬ್ಬ ಮುದಿ ದರ್ಜಿ. ಮೇಸ್ತ್ರಿಯನ್ನು ಕಂಡು ಅಭ್ಯಾಸದಂತೆ ಮುಖ ಆಚೆ ತಿರುಗಿಸಿದ.

“ಇವನಿಗೆ ಹೇಳಿ,” ಎಂದ ಮೇಸ್ತ್ರಿ.

ಗುಮಾಸ್ತ ಹೇಳಿದ. ದರ್ಜಿಯ ಮುಖ ನಿಧಾನವಾಗಿ ಈಚೆ ತಿರುಗಿತು.

“ಈಗ ಇವಳಿಗೆ.”

ದರ್ಜಿಯ ಹಿಂದೆ ಹಿಟ್ಟಿನ ಗಿರಣಿಯ ಹೆಂಗಸು. ಅವಳು ಕೇಳಿ, “ಏನಂದ್ರಿ? ಇನ್ನೊಂದು ಸಲ ಹೇಳಿ,” ಎಂದಳು. ಅವನು ಇನ್ನೊಂದು ಸಲ ಹೇಳಿದ. ಒಳಗಿನಿಂದ ಮೈಕಿನಲ್ಲಿ ಯಾರೋ ಅವನನ್ನು ಕರೆಯುತ್ತಿದ್ದರು, ಮೊದಲು ತಾರೀಕಣ್ಣ ಎಂದು, ಆಮೇಲೆ ಮರ್ಯಾದೆಯಾಗಿ ಗುಮಾಸ್ತರು ಎಂದು.

“ಇವನಿಗೆ.”

ನಾಲ್ಕನೆಯವನು. ಐದನೆಯವಳು. ಅವನು ಹೇಳುತ್ತಾ ಹೋದ ಹಾಗೆ ಸಾಲು ಸರಿಯುವುದು ನಿಂತುಬಿಟ್ಟಿತ್ತು. ಕೇಳಿದವರು ಯಾರೂ ಹೊರಟು ಹೋಗಲಿಲ್ಲ, ಯಾರೂ ಒಳಗೂ ಹೋಗಲಿಲ್ಲ. ಕೈಯಲ್ಲಿ ಹೂವು ಹಿಡಿದು ನಿಂತಲ್ಲೇ ನಿಂತಿದ್ದರು. ತೆರೆದ ಎರಡು ಬಾಗಿಲುಗಳ ಮುಂದೆ ಮೆಟ್ಟಿಲುಗಳೆಲ್ಲ ಬರಿದಾಗಿದ್ದವು. ಜೆರಾಕ್ಸ್ ಅಂಗಡಿಯ ಆಚೆ, ತಿರುವಿನ ಹಿಂದೆ ಕಾಣದವರು, “ಯಾಕ್ರೀ ಮುಂದೆ ಹೋಗ್ತಾ ಇಲ್ಲ?” ಎಂದು ಕೂಗಿ ಕೇಳುತ್ತಿದ್ದರು. ಮೇಸ್ತ್ರಿ ಮಣಿಕಟ್ಟು ಬಿಡದೆ ಗುಮಾಸ್ತನನ್ನು ಅವರ ಕಡೆಗೆ ನಡೆಸಿಕೊಂಡು ಹೋಗುತ್ತಿದ್ದ.